ಹುಬ್ಬಿನ ಹಚ್ಚೆಗೆ ಮೊದಲು ಮತ್ತು ಆಮೇಲೆ: ಮಳೆ, ಸುರಂಗದ ನೀರು, ಹಟ್ಟಿಯ ಕೆಲಸಗಳ ನಡುವೆ ಏನು ಮಾಡಬೇಕು?

ತೋಟದಮನೆ (ಪೆರ್ಲ ಸಮೀಪ)

ಎಲ್ಲರಿಗೂ ನಮಸ್ಕಾರ. ಥೈರಾಯ್ಡ್ ಕೊರತೆಯಿಂದಾಗಿ ನನ್ನ ಎರಡೂ ಹುಬ್ಬುಗಳ ಹೊರತುದಿಯ ಕೂದಲು ಬಹುಮಟ್ಟಿಗೆ ಉದುರಿಹೋಗಿದೆ. ದಿನವೂ ಪೆನ್ಸಿಲಿನಿಂದ ಬರೆದುಕೊಳ್ಳುತ್ತೇನೆ. ಕುಚ್ಚಲಕ್ಕಿಯ ಗಂಜಿ ಬಸಿಯುವ ಹೊತ್ತಿಗೆ ಒಂದು ಕಡೆಯದು ಹಬೆಗೆ ಕರಗಿ ಕೆನ್ನೆಗೆ ಇಳಿದಿರುತ್ತದೆ. ಡಿಸೆಂಬರ್ ಮೊದಲ ವಾರದಲ್ಲಿ ಮಗಳ ಮದುವೆ ನಿಶ್ಚಯವಾಗಿದ್ದು, ಅಷ್ಟರೊಳಗೆ ಮೈಕ್ರೋಬ್ಲೇಡಿಂಗ್ (ಸಣ್ಣ ಬ್ಲೇಡಿನಿಂದ ಕೂದಲಿನಂಥ ಗೆರೆ ಎಳೆದು ಬಣ್ಣ ತುಂಬುವ ಹುಬ್ಬಿನ ಹಚ್ಚೆ) ಮಾಡಿಸಿಕೊಳ್ಳಬೇಕೆಂದು ಅವಳೇ ಒತ್ತಾಯಿಸುತ್ತಿದ್ದಾಳೆ.

ಈಗ ಆಟಿ (ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು) ಮುಗಿಯುತ್ತಾ ಬಂತು. ಈಗಲೇ ಮಾಡಿಸಿಕೊಳ್ಳಬೇಕೋ, ಮಳೆ ಪೂರ್ತಿ ನಿಂತ ಮೇಲೆ ನವೆಂಬರಿನಲ್ಲಿ ಮಾಡಿಸಿದರೆ ಸಾಕೋ ತಿಳಿಯುತ್ತಿಲ್ಲ. ನಮ್ಮದು ಕೃಷಿಕರ ಮನೆ. ಬೆಳಗ್ಗೆ ಹಟ್ಟಿಯ, ಅಂದರೆ ದನದ ಕೊಟ್ಟಿಗೆಯ, ಕೆಲಸ ತಪ್ಪುವುದಿಲ್ಲ, ಮನೆಗೆ ಬರುವುದು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು. ಗಾಯಕ್ಕೆ ಅರಸಿನ ಮತ್ತು ತೆಂಗಿನೆಣ್ಣೆಗಿಂತ ಮಿಗಿಲಾದ ಮದ್ದಿಲ್ಲ ಎಂದು ಅತ್ತೆಯವರು ಹೇಳುತ್ತಾರೆ. ಪಾರ್ಲರಿನವರು ಕೊಟ್ಟ ಚೀಟಿಯಲ್ಲಿ "ಒದ್ದೆ ಮಾಡಬೇಡಿ, ಬೆವರಬೇಡಿ" ಎಂದಷ್ಟೇ ಇದೆ. ಈ ಊರಿನಲ್ಲಿ ಬೆವರದೆ ಇರುವುದು ಹೇಗೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ನೀರ್ಚಾಲು ಶುಶ್ರೂಷಕಿ

ತೋಟದಮನೆ ಅಕ್ಕನಿಗೆ ನಮಸ್ಕಾರ. ನಾನು ಮಂಗಳೂರಿನ ಆಸ್ಪತ್ರೆಯೊಂದರ ಚರ್ಮರೋಗ ವಿಭಾಗದಲ್ಲಿ ಕೆಲಸ ಮಾಡುವವಳು. ಹಚ್ಚೆ ಹಾಕುವುದು ನನ್ನ ಕೆಲಸವಲ್ಲ, ಹಾಕಿಸಿಕೊಂಡವರು ತೊಂದರೆಯಾಗಿ ಬಂದಾಗ ನೋಡಿಕೊಳ್ಳುವುದು ನನ್ನ ಕೆಲಸ. ಆದ್ದರಿಂದ ನನ್ನ ಮಾತಿನಲ್ಲಿ ಎಚ್ಚರಿಕೆಯ ಪಾಲು ಹೆಚ್ಚಿದ್ದರೆ ಸಹಿಸಿಕೊಳ್ಳಬೇಕು.

ಮೊದಲು ದಿನದ ಲೆಕ್ಕ. ನವೆಂಬರ್ ತಡವಾಯಿತು. ಹುಬ್ಬಿನ ಹಚ್ಚೆ ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಮೊದಲ ಸಲ ಹಾಕಿದ ಬಣ್ಣ ಚರ್ಮದಲ್ಲಿ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಎಲ್ಲಿ ಹಿಡಿದಿದೆ, ಎಲ್ಲಿ ಬಿಟ್ಟಿದೆ ಎಂಬುದು ಆಗಷ್ಟೇ ಗೊತ್ತಾಗುವುದರಿಂದ, ಬಿಟ್ಟಲ್ಲಿ ಮತ್ತೆ ಬಣ್ಣ ತುಂಬುವ ಟಚ್‌ಅಪ್ ಮಾಡುವುದು ಆರರಿಂದ ಎಂಟು ವಾರಗಳ ಬಳಿಕ. ಆ ಟಚ್‌ಅಪ್ ಕೂಡ ಒಂದು ಗಾಯವೇ ಆದ್ದರಿಂದ ಅದಕ್ಕೆ ಮತ್ತೊಂದು ತಿಂಗಳನ್ನು ಬಿಡಬೇಕು. ಮದುವೆಯ ದಿನದಿಂದ ಹಿಂದಕ್ಕೆ ಎಣಿಸಿಕೊಂಡು ಹೋದರೆ ಟಚ್‌ಅಪ್ ಅಕ್ಟೋಬರ್ ಕೊನೆಯೊಳಗೆ, ಮೊದಲ ಸಲದ್ದು ಆಗಸ್ಟ್ ಕೊನೆ ಅಥವಾ ಸಪ್ಟೆಂಬರ್ ಮೊದಲ ವಾರದೊಳಗೆ ಆಗಬೇಕು. ಅದಕ್ಕೂ ತಡವಾಗುವುದಾದರೆ ಮದುವೆ ಮುಗಿಸಿಕೊಂಡು ನಿಧಾನವಾಗಿ ಮಾಡಿಸಿಕೊಳ್ಳಿ. ಹಕ್ಕಳೆ ಏಳುತ್ತಿರುವ ಹುಬ್ಬಿನೊಂದಿಗೆ ಹೋಮದ ಹೊಗೆಯ ಮುಂದೆ ಕುಳಿತುಕೊಳ್ಳುವುದು ಬೇಡ.

ಎರಡನೆಯದು ನಿಮ್ಮ ಥೈರಾಯ್ಡ್. ಹುಬ್ಬಿನ ಹೊರಗಿನ ಮೂರನೆಯ ಒಂದು ಭಾಗ ತೆಳುವಾಗುವುದು ಥೈರಾಯ್ಡ್ ಕೊರತೆಯಲ್ಲಿ ಕಾಣುವ ಲಕ್ಷಣ. ಮಾತ್ರೆಯ ಪ್ರಮಾಣ ಸರಿಹೊಂದಿದ ಮೇಲೆ ಕೆಲವರಿಗೆ ತಿಂಗಳುಗಳಲ್ಲಿ ಕೂದಲು ಮರಳಿ ಬರುವುದೂ ಉಂಟು. ಟಿಎಸ್‌ಎಚ್ ಪರೀಕ್ಷೆ (ಅದು ಹೆಚ್ಚಿದ್ದರೆ ಥೈರಾಯ್ಡ್ ಕೊರತೆಗೆ ಮಾತ್ರೆ ಸಾಲುತ್ತಿಲ್ಲವೆಂದು ತೋರಿಸುವ ರಕ್ತಪರೀಕ್ಷೆ) ಮಾಡಿಸಿ ಬಹಳ ದಿನವಾಗಿದ್ದರೆ ಮೊದಲು ಅದನ್ನು ಮಾಡಿಸಿಕೊಳ್ಳಿ. ರಕ್ತಹೀನತೆಯಿದ್ದರೂ ಕೂದಲು ಉದುರುತ್ತದೆ, ಜೊತೆಯಲ್ಲಿ ಅದನ್ನೂ ನೋಡಿಸಿಕೊಳ್ಳುವುದು ಒಳ್ಳೆಯದು.

ಇನ್ನು ಪೂರ್ವಸಿದ್ಧತೆ. ಮೊಡವೆಗೆ ಅಥವಾ ಮುಖದ ಕಲೆಗೆ ರೆಟಿನಾಲ್, ಗ್ಲೈಕೋಲಿಕ್ ಆಮ್ಲದಂಥ ಕ್ರೀಮು ಹಚ್ಚುತ್ತಿದ್ದರೆ ಎರಡರಿಂದ ನಾಲ್ಕು ವಾರ ಮೊದಲೇ ಹುಬ್ಬಿನ ಸುತ್ತ ಅದನ್ನು ನಿಲ್ಲಿಸಬೇಕು, ಏಕೆಂದರೆ ಅವು ಮೇಲ್ಚರ್ಮವನ್ನು ತೆಳುವಾಗಿಸಿ ರಕ್ತ ಜಿನುಗುವಂತೆ ಮಾಡುತ್ತವೆ. ಮೊಡವೆಗೆ ಐಸೊಟ್ರೆಟಿನಾಯ್ನ್ ಮಾತ್ರೆ ತೆಗೆದುಕೊಂಡವರು ಸಾಮಾನ್ಯವಾಗಿ ಆರು ತಿಂಗಳು ಕಾಯುತ್ತಾರೆ. ಆಸ್ಪಿರಿನ್, ಐಬುಪ್ರೊಫೇನ್, ಮೀನೆಣ್ಣೆಯ ಗುಳಿಗೆ, ಮದ್ಯ ಇವೆಲ್ಲ ರಕ್ತಸ್ರಾವವನ್ನು ಹೆಚ್ಚಿಸಬಲ್ಲವು, ಮತ್ತು ಜಿನುಗುವ ರಕ್ತ ಬಣ್ಣವನ್ನು ಹೊರಕ್ಕೆ ತಳ್ಳುತ್ತದೆ. ಆದರೆ ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ: ಹೃದಯದ ಕಾಯಿಲೆಗೋ ಪಾರ್ಶ್ವವಾಯುವಿಗೋ ವೈದ್ಯರು ಬರೆದುಕೊಟ್ಟ ರಕ್ತ ತೆಳುಗೊಳಿಸುವ ಮಾತ್ರೆಯನ್ನು ಹುಬ್ಬಿನ ಚಂದಕ್ಕಾಗಿ ತಾವಾಗಿ ನಿಲ್ಲಿಸಬಾರದು. ಪಾರ್ಲರಿನವರು ಹೇಳಿದರೆಂದು ನಿಲ್ಲಿಸುವುದು ಇನ್ನೂ ತಪ್ಪು. ವೈದ್ಯರು ಒಪ್ಪದಿದ್ದರೆ ಹಚ್ಚೆಯನ್ನೇ ಬಿಡಬೇಕು, ಮಾತ್ರೆಯನ್ನಲ್ಲ.

ಗರ್ಭಿಣಿಯರು, ಎದೆಹಾಲೂಡಿಸುವವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಸಣ್ಣ ಗಾಯಕ್ಕೂ ಉಬ್ಬಿದ ಕಲೆ ಉಳಿಯುವ ಮೈಯವರು, ಹುಬ್ಬಿನಲ್ಲೇ ಸೋರಿಯಾಸಿಸ್ ಅಥವಾ ಇಸುಬು ಇರುವವರು ಸದ್ಯಕ್ಕೆ ಇದರ ಗೊಡವೆಗೆ ಹೋಗಬಾರದು. ತೊನ್ನು ಹರಡುತ್ತಿರುವವರಿಗೆ ಸೂಜಿ ತಾಗಿದ ಜಾಗದಲ್ಲೇ ಹೊಸ ಬಿಳಿ ಮಚ್ಚೆ ಮೂಡಬಹುದು; ಆದರೆ ಬಹುಕಾಲದಿಂದ ಹರಡದೆ ನಿಂತ ತುಟಿಯ ತೊನ್ನಿಗೆ ಬಣ್ಣ ತುಂಬುವ ಚಿಕಿತ್ಸೆಯನ್ನು ಚರ್ಮವೈದ್ಯರೇ ಮಾಡುತ್ತಾರೆ, ಅದು ಬೇರೆಯೇ ವಿಷಯ.

ಆಮೇಲಿನ ಆರೈಕೆಯ ವಿಚಾರದಲ್ಲಿ ನಿಮ್ಮ ಸುರಂಗದ ನೀರಿನಿಂದಲೇ ಆರಂಭಿಸುತ್ತೇನೆ. ಆ ನೀರು ಕುಡಿಯಲು ಎಷ್ಟೇ ತಿಳಿಯಾಗಿ, ರುಚಿಯಾಗಿ ಇರಲಿ, ತೆರೆದ ಗಾಯಕ್ಕೆ ತಾಗಬೇಕಾದ ನೀರು ಅದಲ್ಲ. ಬಾವಿ, ನಳ್ಳಿ, ಟ್ಯಾಂಕಿಯ ನೀರಿಗೂ ಇದೇ ಮಾತು. ಮಣ್ಣುನೀರುಗಳಲ್ಲಿ ಸಹಜವಾಗಿ ಬದುಕಿರುವ, ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ಏನೂ ಮಾಡದ ಕೆಲವು ಮೈಕೋಬ್ಯಾಕ್ಟೀರಿಯಾಗಳು ಸೂಜಿಯ ದಾರಿಯಲ್ಲಿ ಚರ್ಮದೊಳಗೆ ಇಳಿದರೆ ವಾರಗಟ್ಟಲೆ ವಾಸಿಯಾಗದ ಗುಳ್ಳೆಗಳನ್ನೆಬ್ಬಿಸುತ್ತವೆ. 2011ರ ಕೊನೆಯ ತಿಂಗಳುಗಳಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರಿನಲ್ಲಿ ಹಚ್ಚೆ ಹಾಕಿಸಿಕೊಂಡ 19 ಮಂದಿಗೆ ಇಂಥದೇ ಸೋಂಕು ತಗಲಿತ್ತು. ಶಾಯಿಯನ್ನು ತಯಾರಿಸುವಾಗಲೇ ತೆಳು ಮಾಡಲು ಬೆರೆಸಿದ ಭಟ್ಟಿ ಇಳಿಸಿದ ನೀರಿನ ಮೇಲೆ ತನಿಖೆಯ ಬೆರಳು ಹೋಯಿತು. ಭಟ್ಟಿ ಇಳಿಸಿದ ನೀರಿನ ಪಾಡೇ ಹೀಗಿರುವಾಗ ನಮ್ಮ ಚೊಂಬಿನ ನೀರನ್ನು ನಂಬುವುದು ಹೇಗೆ? ಔಷಧದಂಗಡಿಯಲ್ಲಿ ಸಿಗುವ ಸಲೈನ್ ಬಾಟಲಿ ಅಗ್ಗದ್ದೇ. ಅದರಲ್ಲಿ ಶುದ್ಧ ಗಾಜ್ ಬಟ್ಟೆಯನ್ನು ನೆನೆಸಿ ಒರೆಸಿಕೊಳ್ಳಿ. ತೀರಾ ಅನಿವಾರ್ಯವಾದರೆ ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿದ ನೀರು ನಡೆದೀತು.

ಮೊದಲ ದಿನ ಹುಬ್ಬಿನಿಂದ ತಿಳಿಹಳದಿ ದ್ರವ ಜಿನುಗುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ದಪ್ಪ ಹಕ್ಕಳೆ ಕಟ್ಟಿ, ಉದುರುವಾಗ ಬಣ್ಣವನ್ನೂ ಕಿತ್ತುಕೊಂಡು ಹೋಗುತ್ತದೆ. ಆದ್ದರಿಂದ ಆ ದಿನ ಆಗಾಗ ಗಾಜ್ ಬಟ್ಟೆಯಿಂದ ಒತ್ತಿ ತೆಗೆಯಬೇಕು, ಉಜ್ಜಬಾರದು. ಮೈ ಒರೆಸುವ ಬೈರಾಸನ್ನು ಹುಬ್ಬಿಗೆ ತಾಗಿಸಲೇಬಾರದು.

ಅರಸಿನದ ಬಗ್ಗೆ ಅತ್ತೆಯವರೊಂದಿಗೆ ವಾದಕ್ಕೆ ಹೋಗಬೇಡಿ, ಆದರೆ ಹಚ್ಚಲೂ ಬೇಡಿ. ಅದು ಗಾಯದಲ್ಲಿ ಹಳದಿ ಕಲೆಯನ್ನು ಬಿಡುತ್ತದೆ, ಕೆಲವರ ಚರ್ಮಕ್ಕೆ ಒಗ್ಗದೆ ಕಜ್ಜಿಯೆಬ್ಬಿಸುವುದನ್ನೂ ಕಂಡಿದ್ದೇವೆ. ಮನೆಯ ಬಾಟಲಿಯಲ್ಲಿ ಹತ್ತು ಕೈ ಅದ್ದಿದ ತೆಂಗಿನೆಣ್ಣೆಯೂ ಬೇಡ. ತಲೆಗೆ ಎಣ್ಣೆ ಹಚ್ಚಿ ಮೀಯುವ ಅಭ್ಯಾಸವಿದ್ದರೆ ಹಕ್ಕಳೆ ಪೂರ್ತಿ ಉದುರುವವರೆಗೆ ಅದನ್ನು ನಿಲ್ಲಿಸಿ. ಹಣೆಗಿಳಿದ ಎಣ್ಣೆ ಹಕ್ಕಳೆಯನ್ನು ಮೆದುವಾಗಿಸಿ ಹೊತ್ತಿಗೆ ಮುಂಚೆ ಎಬ್ಬಿಸುತ್ತದೆ.

ಕನ್ನಡಿಮನೆ (ಉಪ್ಪಳ)

ಶುಶ್ರೂಷಕಿ ಅಕ್ಕ ಹೇಳಿದ್ದಕ್ಕೆ ಪಾರ್ಲರಿನ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ. ನಾನು ಹುಬ್ಬಿನ ಕೆಲಸ ಮಾಡುವವಳೇ, ಆದರೆ ಇಲ್ಲಿ ಗಿರಾಕಿಗಳನ್ನು ಕರೆಯಲು ಬಂದವಳಲ್ಲ.

ನಮ್ಮ ಕರಾವಳಿಯ ಹೆಚ್ಚಿನವರ ಹಣೆ ಎಣ್ಣೆಪಸೆಯದು. ಕೈಬ್ಲೇಡಿನಿಂದ ಕೂದಲಿನಂತೆ ಎಳೆಯುವ ಸಪೂರ ಗೆರೆಗಳು ಎಣ್ಣೆಪಸೆಯ ಚರ್ಮದಲ್ಲಿ ಕೆಲವೇ ತಿಂಗಳುಗಳಲ್ಲಿ ಒಂದಕ್ಕೊಂದು ಬೆರೆತು ಮಸುಕಾಗುತ್ತವೆ. ಅಂಥವರಿಗೆ ಯಂತ್ರದ ಸೂಜಿಯಿಂದ ಚುಕ್ಕಿ ಚುಕ್ಕಿಯಾಗಿ ಬಣ್ಣ ತುಂಬುವ ಪೌಡರ್ ಬ್ರೋ ಎಂಬ ವಿಧಾನವೇ ಹೆಚ್ಚು ಬಾಳುತ್ತದೆ. ಬೆಳಗ್ಗೆ ಮುಖ ತೊಳೆದು ಮಧ್ಯಾಹ್ನದ ಹೊತ್ತಿಗೆ ಹಣೆಯ ಮೇಲೆ ಟಿಶ್ಯೂ ಕಾಗದವನ್ನು ಒತ್ತಿ ನೋಡಿ. ಕಾಗದ ಪಾರದರ್ಶಕವಾದರೆ ಬ್ಲೇಡಿನ ಗೆರೆಗಾಗಿ ಹಟ ಹಿಡಿಯಬೇಡಿ. ಎರಡರಲ್ಲಿ ಯಾವುದೂ ಶಾಶ್ವತವಲ್ಲ. ಒಂದರಿಂದ ಮೂರು ವರ್ಷಗಳಲ್ಲಿ ತಿಳಿಯಾಗುತ್ತದೆ, ಬಿಸಿಲಿಗೆ ಹೋಗುವವರಿಗೆ ಇನ್ನೂ ಬೇಗ.

ಕೆಲಸ ಮಾಡುವವರ ಬಳಿ ಹೋದಾಗ ಫೋಟೊ ಕೇಳಿ. ಆದರೆ ಮಾಡಿದ ದಿನ ತೆಗೆದದ್ದನ್ನಲ್ಲ, ಆರು ವಾರ ಅಥವಾ ಒಂದು ವರ್ಷದ ಬಳಿಕ ತೆಗೆದದ್ದನ್ನು. ಮಾಡಿದ ದಿನ ಎಲ್ಲರ ಹುಬ್ಬೂ ಚಂದವೇ. ಬ್ಲೇಡು ಅಥವಾ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು, ಬಳಸಿದ್ದು ನಿಮ್ಮ ಕಣ್ಣೆದುರೇ ಗಟ್ಟಿ ಡಬ್ಬಿಗೆ ಬೀಳಬೇಕು. ಕೆಲವು ಕಡೆ ನೀಲಿ ದೀಪದ ಪೆಟ್ಟಿಗೆಯನ್ನು ತೋರಿಸಿ ಉಪಕರಣವನ್ನು ಸ್ಟೆರಿಲೈಸ್ ಮಾಡಿದ್ದೇವೆ ಎನ್ನುತ್ತಾರೆ. ಆ ದೀಪದಿಂದ ಸ್ಟೆರಿಲೈಸ್ ಆಗುವುದಿಲ್ಲ. ಮತ್ತೆ ಬಳಸುವ ಲೋಹದ ಹಿಡಿಕೆಯನ್ನು ಆಟೋಕ್ಲೇವಿನಲ್ಲಿ 121 ಡಿಗ್ರಿ ಸೆಲ್ಸಿಯಸ್ ಹಬೆಯ ಒತ್ತಡದಲ್ಲಿ ಇಡಲೇಬೇಕು. ಬಣ್ಣದ ಬಾಟಲಿಯ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಾರೀಕುಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಹಾಗೆ ಕೇಳಿದಾಗ ಮುಖ ಗಂಟಿಕ್ಕುವವರಲ್ಲಿ ಮಾಡಿಸಿಕೊಳ್ಳಬೇಡಿ.

ಚರ್ಮಕ್ಕೆ ಒಗ್ಗುತ್ತದೆಯೇ ಎಂದು ನೋಡಲು ಕಿವಿಯ ಹಿಂದೆ ಸಣ್ಣದೊಂದು ಚುಕ್ಕಿ ಹಾಕಿಸಿಕೊಂಡು ಎರಡು ದಿನವಾದರೂ ಕಾಯಬೇಕು. ತಲೆಗೆ ಕಪ್ಪು ಡೈ ಹಚ್ಚಿದಾಗ ತುರಿಕೆಯಾದ ಅನುಭವವಿರುವವರು, ಗಿಲೀಟು ಓಲೆಯಿಂದ ಕಿವಿ ಕೊಳೆತವರು ಅದನ್ನು ಮೊದಲೇ ಹೇಳಬೇಕು. ಹುಬ್ಬಿನ ಥ್ರೆಡ್ಡಿಂಗನ್ನು ಮೂರು ದಿನ ಮೊದಲೇ ನಿಲ್ಲಿಸಿ. ಮುಖ್ಯವಾಗಿ, ಗೆರೆ ಎಳೆದು ಅಳತೆ ಹಾಕುವ ಹೊತ್ತಿನಲ್ಲಿ ಅವಸರ ಮಾಡಬೇಡಿ. ಆಕಾರ ಒಪ್ಪಿಗೆಯಾಗುವವರೆಗೆ ಎದ್ದು ನಿಂತು, ಹಗಲಿನ ಬೆಳಕಿನಲ್ಲಿ, ಮಾತಾಡುತ್ತಾ ನಗುತ್ತಾ ಕನ್ನಡಿ ನೋಡಿ. ಮಲಗಿದಾಗಿನ ಹುಬ್ಬು ಬೇರೆ, ನಕ್ಕಾಗಿನ ಹುಬ್ಬು ಬೇರೆ.

ಗಾಯಕ್ಕೆ ಮುಲಾಮು ಹಚ್ಚಿಸುವ ರೂಢಿಯ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಭಿನ್ನ. ಎಣ್ಣೆಪಸೆಯ ಚರ್ಮದವರಿಗೆ ನಾನು ಮೊದಲ ದಿನ ಒರೆಸಿಕೊಳ್ಳಲು ಹೇಳಿ, ಆಮೇಲೆ ಮುಲಾಮು ಏನನ್ನೂ ಕೊಡದೆ ಒಣಗಲು ಬಿಡುತ್ತೇನೆ. ನಮ್ಮ ಹವೆಯಲ್ಲಿ ಮುಲಾಮು ಹಚ್ಚಿದರೆ ಬೆವರು ಅದರಡಿಯಲ್ಲಿ ನಿಂತು ಗುಳ್ಳೆಯೇಳುವುದೇ ಹೆಚ್ಚು.

ನೀರ್ಚಾಲು ಶುಶ್ರೂಷಕಿ

ಕನ್ನಡಿಮನೆಯವರು ಹೇಳಿದ ಕೊನೆಯ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ತೇವ ಉಳಿದ ಗಾಯ ಬೇಗ ಮಾಯುತ್ತದೆ ಎಂಬುದು ಗಾಯದ ಆರೈಕೆಯಲ್ಲಿ ಇಂದು ಒಪ್ಪಿತವಾದ ಮಾತು. ಆದರೆ ಅವರ ಕಣ್ಣಿಗೆ ಬಿದ್ದ ತೊಂದರೆ ನಿಜವಾದದ್ದೇ. ಅದಕ್ಕೆ ಕಾರಣ ಮುಲಾಮಲ್ಲ, ಮುಲಾಮಿನ ಪ್ರಮಾಣ. ಎರಡು ಹುಬ್ಬಿಗೂ ಸೇರಿ ಒಂದು ಅಕ್ಕಿಕಾಳಿನಷ್ಟು ಪೆಟ್ರೋಲಿಯಂ ಜೆಲ್ಲಿ ಸಾಕು. ಹಚ್ಚಿದ್ದು ಮಿನುಗುತ್ತಿದ್ದರೆ ಹೆಚ್ಚಾಯಿತೆಂದೇ ಅರ್ಥ. ನಿಯೋಮೈಸಿನ್ ಇರುವ ಗಾಯದ ಮುಲಾಮು ಮನೆಯಲ್ಲಿದೆಯೆಂದು ಅದನ್ನು ಹಚ್ಚಬೇಡಿ, ಅದು ಹಲವರಿಗೆ ಒಗ್ಗುವುದಿಲ್ಲ.

ಮರಗಟ್ಟಿಸುವ ಕ್ರೀಮಿನ ವಿಚಾರ ಬಿಟ್ಟುಹೋಗಿತ್ತು. ಲಿಡೊಕೇಯ್ನ್ ಮತ್ತು ಪ್ರಿಲೊಕೇಯ್ನ್ ಶೇ. 2.5ರಂತೆ ಬೆರೆತ ಕ್ರೀಮು ಇಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿದೆ. ನೋವೇ ಆಗಬಾರದೆಂದು ಆನ್‌ಲೈನಿನಲ್ಲಿ ತರಿಸಿದ ಹೆಚ್ಚು ತೀಕ್ಷ್ಣವಾದ ಕ್ರೀಮನ್ನು ದಪ್ಪವಾಗಿ ಬಳಿದು, ಮೇಲೆ ಪ್ಲಾಸ್ಟಿಕ್ ಸುತ್ತಿ ಗಂಟೆಗಟ್ಟಲೆ ಬಿಡುವುದನ್ನು ಕೇಳಿದ್ದೇನೆ. ಹಾಗೆ ಮಾಡಿದರೆ ಮದ್ದು ರಕ್ತಕ್ಕೆ ಸೇರಿ ಹೃದಯದ ಬಡಿತವೇ ಏರುಪೇರಾಗಬಹುದು. ಶೇ. 4ಕ್ಕಿಂತ ಹೆಚ್ಚು ಲಿಡೊಕೇಯ್ನ್ ಇರುವ, ಚೀಟಿಯಿಲ್ಲದೆ ಮಾರುವ ಇಂಥ ಕ್ರೀಮುಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಮಾರ್ಚಿನಲ್ಲಿ ಎಚ್ಚರಿಕೆ ಕೊಟ್ಟಿತ್ತು.

ಚೌಕಿ (ಕುಂಬಳೆ)

ಗಂಡಸರು ಇಲ್ಲಿ ಕೇಳಬಹುದೋ ಇಲ್ಲವೋ ಎಂದು ಅನುಮಾನದಲ್ಲೇ ಬರೆಯುತ್ತಿದ್ದೇನೆ. ನಾನು ಹವ್ಯಾಸಿ ಯಕ್ಷಗಾನ ಕಲಾವಿದ, ಸ್ತ್ರೀವೇಷ ಮಾಡುವವನು. ಎಳೆಯ ವಯಸ್ಸಿನಲ್ಲಿ ಬಿದ್ದ ಏಟಿನಿಂದಾಗಿ ಬಲಹುಬ್ಬಿನ ನಡುವೆ ಕೂದಲಿಲ್ಲದ ಗಾಯದ ಗುರುತಿದೆ. ಅಷ್ಟನ್ನು ಮಾತ್ರ ತುಂಬಿಸಿಕೊಳ್ಳಬೇಕೆಂದಿದ್ದೇನೆ. ಮುಖಕ್ಕೆ ಬಣ್ಣ ಹಚ್ಚುವುದು, ಬೆಳಗಿನ ಜಾವ ತೆಂಗಿನೆಣ್ಣೆ ಹಾಕಿ ಉಜ್ಜಿ ತೆಗೆಯುವುದು ನಮಗೆ ತಪ್ಪಿದ್ದಲ್ಲ. ಯಾವಾಗ ಮಾಡಿಸಿಕೊಂಡರೆ ಒಳ್ಳೆಯದು?

ಕನ್ನಡಿಮನೆ (ಉಪ್ಪಳ)

ಚೌಕಿ ಅಣ್ಣ, ಗಂಡಸರೂ ಬರುತ್ತಾರೆ, ಸಂಕೋಚ ಬೇಡ. ಗಾಯದ ಗುರುತಿನ ಚರ್ಮ ಉಳಿದ ಚರ್ಮದಂತೆ ಬಣ್ಣವನ್ನು ಹಿಡಿಯುವುದಿಲ್ಲ. ಒಂದು ಕಡೆ ಹರಡುತ್ತದೆ, ಇನ್ನೊಂದು ಕಡೆ ನಿಲ್ಲುವುದೇ ಇಲ್ಲ. ಎರಡು ಅಥವಾ ಮೂರು ಸಲ ಕೂರಬೇಕಾಗಬಹುದು. ನಿಮ್ಮದು ಹಳೆಯ ಗುರುತಾದ್ದರಿಂದ ತೊಂದರೆಯಿಲ್ಲ. ಒಂದು ವರ್ಷವೂ ತುಂಬದ, ಇನ್ನೂ ಕೆಂಪಗಿರುವ ಗುರುತಿನ ಮೇಲೆ ಮಾತ್ರ ಮಾಡಬಾರದು. ಗುರುತು ಉಬ್ಬಿಕೊಂಡಿದ್ದರೆ ಮೊದಲು ಚರ್ಮವೈದ್ಯರಿಗೆ ತೋರಿಸಿ.

ಸಮಯದ ಬಗ್ಗೆ ಹೇಳುವುದಾದರೆ, ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿ ಒಳಗಾದ ಮೇಲೆ ನಿಮ್ಮವರೆಲ್ಲ ತಾಳಮದ್ದಳೆಗೆ ಕೂರುವ ಕಾಲವುಂಟಲ್ಲ, ಅದೇ ನಿಮಗೆ ಸರಿಯಾದ ಹೊತ್ತು. ತಾಳಮದ್ದಳೆಗೆ ಬಣ್ಣವೂ ಬೇಡ, ಎಣ್ಣೆ ಹಾಕಿ ಉಜ್ಜುವುದೂ ಬೇಡ. ಹಕ್ಕಳೆ ಉದುರಿದ ಕೂಡಲೇ ಬಣ್ಣ ಹಚ್ಚಿಕೊಳ್ಳಬಾರದು, ನಾಲ್ಕು ವಾರವಾದರೂ ಬಿಡಬೇಕು. ಆಮೇಲೆಯೂ ವೇಷ ಕಳಚುವಾಗ ಹುಬ್ಬಿನ ಮೇಲೆ ಎಣ್ಣೆಯನ್ನು ಸ್ವಲ್ಪ ಹೊತ್ತು ಬಿಟ್ಟು ಮೆತ್ತಗೆ ಒರೆಸಿ ತೆಗೆಯಿರಿ.

ನಿವೃತ್ತ (ಕಾಸರಗೋಡು)

ಈ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ನನ್ನ ಪ್ರಶ್ನೆಗಳು ಬೇರೆ. ಮುಂದೆ ಎಂಆರ್‌ಐ ಸ್ಕ್ಯಾನ್ ಮಾಡಬೇಕಾಗಿ ಬಂದರೆ ಹುಬ್ಬಿನಲ್ಲಿರುವ ಬಣ್ಣದಿಂದ ಅಪಾಯವಿದೆಯೇ? ರಕ್ತದಾನ ಮಾಡಬಹುದೇ? ಇನ್ನೊಂದು ಮಾತು: ನನ್ನ ಸೊಸೆಗೆ ಸಹಿ ಹಾಕಲು ಕೊಟ್ಟ ಒಪ್ಪಿಗೆ ಪತ್ರ ಮಲಯಾಳದಲ್ಲಿತ್ತು. ಕನ್ನಡ ಶಾಲೆಯಲ್ಲಿ ಕಲಿತು ಬಂದ ಅವಳಿಗೆ ಮಾತು ಬರುತ್ತದೆಯೇ ಹೊರತು ಓದಲು ಬರುವುದಿಲ್ಲ. ಅವಳು ಸಹಿ ಹಾಕಿ ಬಂದಳು.

ನೀರ್ಚಾಲು ಶುಶ್ರೂಷಕಿ

ಹಿರಿಯರ ಮೂರು ಪ್ರಶ್ನೆಗಳೂ ಕೇಳಬೇಕಾದವೇ. ಹುಬ್ಬಿನ ಬಣ್ಣಗಳಲ್ಲಿ ಕಬ್ಬಿಣದ ಆಕ್ಸೈಡ್ ಇರುವುದು ಸಾಮಾನ್ಯ; ಎಂಆರ್‌ಐ ಯಂತ್ರದೊಳಗೆ ಅಪರೂಪಕ್ಕೆ ಕೆಲವರಿಗೆ ಆ ಜಾಗ ಬಿಸಿಯಾದಂತೆ, ಉರಿದಂತೆ ಅನಿಸುತ್ತದೆ. ಅದಕ್ಕಾಗಿ ಸ್ಕ್ಯಾನನ್ನು ಬಿಡುವ ಅಗತ್ಯವಿಲ್ಲ. ತಂತ್ರಜ್ಞರಿಗೆ ಮೊದಲೇ ತಿಳಿಸಿ, ಉರಿ ಅನಿಸಿದ ಕ್ಷಣ ಗುಂಡಿ ಒತ್ತಿದರೆ ಸಾಕು. ರೆಪ್ಪೆಯಂಚಿನ ಹಚ್ಚೆಯಿದ್ದರೆ ಕಣ್ಣಿನ ಸುತ್ತಲಿನ ಚಿತ್ರ ಕೆಡಬಹುದು. ರಕ್ತದಾನಕ್ಕೆ ಹಚ್ಚೆಯ ಬಳಿಕ ಒಂದು ವರ್ಷ ಬಿಡಬೇಕೆಂಬುದು ನಮ್ಮ ದೇಶದ ಮಾರ್ಗಸೂಚಿ. ಹುಬ್ಬಿನದ್ದೂ ಅದರಲ್ಲಿ ಸೇರಿತು. ಸೂಜಿಯಿಂದ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಹರಡುವ ಸಾಧ್ಯತೆಯಿರುವುದೇ ಇದಕ್ಕೆ ಕಾರಣ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳದವರು ಈ ನೆಪದಲ್ಲಾದರೂ ಹಾಕಿಸಿಕೊಳ್ಳಲಿ. ಮೊದಲ ದಿನ, ಒಂದು ತಿಂಗಳ ಬಳಿಕ, ಆರು ತಿಂಗಳ ಬಳಿಕ ಎಂದು ಮೂರು ಚುಚ್ಚುಮದ್ದು.

ಒಪ್ಪಿಗೆ ಪತ್ರದ ವಿಚಾರದಲ್ಲಿ ಸೊಸೆಯವರು ಮತ್ತೊಮ್ಮೆ ಹೋಗಿ ಪ್ರತಿಯನ್ನು ಕೇಳಿ ಪಡೆದು, ಯಾರಿಂದಲಾದರೂ ಓದಿಸಿಕೊಳ್ಳಲಿ. ಓದಲಾಗದ್ದಕ್ಕೆ ಸಹಿ ಹಾಕದಿರುವುದು ಎಲ್ಲರಿಗೂ ಹಿತ. ಆರೋಗ್ಯದ ಪ್ರಶ್ನೆಗಳೆಲ್ಲ ಇರುವುದೇ ಆ ಹಾಳೆಯಲ್ಲಿ. ಅರ್ಥವಾಗದೆ "ಇಲ್ಲ, ಇಲ್ಲ" ಎಂದು ಗುರುತು ಹಾಕಿದರೆ ಎದುರಿನವರಿಗೆ ನಮ್ಮ ಮಾತ್ರೆ, ಕಾಯಿಲೆಗಳು ತಿಳಿಯುವುದಾದರೂ ಹೇಗೆ?

ಹೊಳೆಬದಿ (ಮಂಜೇಶ್ವರ)

ಪ್ರಶ್ನೆಗಳಿರುವ ಹಾಳೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ತುಟಿಗೆ ಬಣ್ಣ ಹಾಕಿಸಿಕೊಂಡವಳು. ಜ್ವರ ಬಂದಾಗಲೆಲ್ಲ ನನ್ನ ತುಟಿಯಂಚಿನಲ್ಲಿ ನೀರುಗುಳ್ಳೆಗಳೇಳುವುದು ಚಿಕ್ಕಂದಿನಿಂದಲೂ ಇದೆ. ಅಲ್ಲಿ ಯಾರೂ ಅದನ್ನು ಕೇಳಲಿಲ್ಲ. ಹಾಕಿಸಿಕೊಂಡು ಎರಡು ದಿನ ಕಳೆಯುವಷ್ಟರಲ್ಲಿ ತುಟಿಯ ತುಂಬ ಗುಳ್ಳೆಗಳೆದ್ದು, ಗಂಜಿ ನೀರನ್ನೂ ನಳಿಕೆಯಿಂದ ಕುಡಿಯುವಂತಾಯಿತು. ಇದು ಹರ್ಪಿಸ್ ವೈರಸ್, ಮೈಯೊಳಗೇ ಸುಪ್ತವಾಗಿದ್ದು ಗಾಯವಾದಾಗ ಎದ್ದುಬರುತ್ತದೆ, ಮೊದಲೇ ಬಂದಿದ್ದರೆ ಏಸಿಕ್ಲೋವಿರ್‌ನಂಥ ಮಾತ್ರೆ ಕೊಡಬಹುದಿತ್ತು ಎಂದು ವೈದ್ಯರು ಹೇಳಿದರು. ಗುಳ್ಳೆ ಎದ್ದಲ್ಲೆಲ್ಲ ಬಣ್ಣ ಹೋಗಿ, ತುಟಿ ಈಗಲೂ ತೇಪೆ ತೇಪೆಯಾಗಿದೆ. ತುಟಿಗೆ ಮಾಡಿಸಿಕೊಳ್ಳುವವರು, ಅವರು ಕೇಳಲಿ ಬಿಡಲಿ, ಇದನ್ನು ತಾವಾಗಿ ಹೇಳಿ ವೈದ್ಯರ ಚೀಟಿಯೊಂದಿಗೇ ಹೋಗಬೇಕು.

ನೀರ್ಚಾಲು ಶುಶ್ರೂಷಕಿ

ತುಟಿಯ ಕೆಲಸಕ್ಕೆ ಹೋಗುವವರೆಲ್ಲರೂ ಹೊಳೆಬದಿಯವರ ಬರಹವನ್ನು ಓದಬೇಕು. ರೆಪ್ಪೆಯಂಚಿನ ಹಚ್ಚೆಯ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಕಾಡಿಗೆ ಹಚ್ಚುವ ಕಷ್ಟ ತಪ್ಪಿಸಲು ಅಷ್ಟು ದೂರ ಹೋಗುವುದು ನನಗೆ ಸರಿಕಾಣುವುದಿಲ್ಲ. ಕಣ್ಣೀರು ಒಣಗದಂತೆ ಎಣ್ಣೆ ಸ್ರವಿಸುವ ಗ್ರಂಥಿಗಳ ಬಾಯಿ ಅದೇ ಅಂಚಿನಲ್ಲಿದೆ.

ಕೊನೆಯ ಬಸ್ಸು (ಮುಳ್ಳೇರಿಯ)

ಮನೆಯಲ್ಲಿ ಅಕ್ಕನಿಗೆ ಸ್ತನ ಕ್ಯಾನ್ಸರಿನ ಚಿಕಿತ್ಸೆ ನಡೆಯುತ್ತಿದೆ. ಕಿಮೋಥೆರಪಿಯಿಂದ ಹುಬ್ಬು ಪೂರ್ತಿ ಹೋಗಿದೆ. ಈಗ ಮಾಡಿಸಿಕೊಳ್ಳಬಹುದೇ?

ನೀರ್ಚಾಲು ಶುಶ್ರೂಷಕಿ

ಈಗ ಬೇಡ. ಕಿಮೋ ನಡೆಯುವಾಗ ಬಿಳಿ ರಕ್ತಕಣಗಳು ಕಡಿಮೆಯಾಗಿರುವುದರಿಂದ ಸಣ್ಣ ಸೋಂಕೂ ದೊಡ್ಡದಾಗಬಹುದು. ಹೆಚ್ಚಿನವರಿಗೆ ಚಿಕಿತ್ಸೆ ಮುಗಿದು ಕೆಲವು ತಿಂಗಳುಗಳಲ್ಲಿ ಹುಬ್ಬು ತಾನಾಗಿ ಮರಳುತ್ತದೆ. ಅಲ್ಲಿಯವರೆಗೆ ಪೆನ್ಸಿಲ್ ಸಾಕು. ಮುಂದೆ ಶಸ್ತ್ರಚಿಕಿತ್ಸೆಯಾದ ಎದೆಯ ಮೇಲೆ ಮೊಲೆತೊಟ್ಟಿನ ಆಕಾರವನ್ನು ಬಣ್ಣದಿಂದ ಮೂಡಿಸುವ ಹಚ್ಚೆಯೂ ಇದೆ. ಅಕ್ಕನಿಗೆ ಮನಸ್ಸಿದ್ದರೆ ಕ್ಯಾನ್ಸರ್ ವೈದ್ಯರಲ್ಲಿ ನಾಚಿಕೆಯಿಲ್ಲದೆ ಕೇಳಲಿ. ವಿಕಿರಣ ಚಿಕಿತ್ಸೆ ಪಡೆದ ಚರ್ಮಕ್ಕೆ ಎಷ್ಟು ಸಮಯ ಬಿಡಬೇಕೆಂದು ಹೇಳಬೇಕಾದವರು ಅವರೇ.

ಗಡಿಕಲ್ಲು (ತಲಪಾಡಿ)

ಮಾಡಿಸಿಕೊಂಡದ್ದು ಇಷ್ಟವಾಗದಿದ್ದರೆ ಲೇಸರಿನಿಂದ ತೆಗೆಸಬಹುದೆಂದು ಪಾರ್ಲರಿನವರು ಧೈರ್ಯ ಹೇಳುತ್ತಾರೆ. ನಿಜವೇ?

ಕನ್ನಡಿಮನೆ (ಉಪ್ಪಳ)

ತೆಗೆಸಬಹುದು, ಆದರೆ ಹಾಕಿಸಿಕೊಂಡಷ್ಟು ಸುಲಭದಲ್ಲಲ್ಲ. ಹುಬ್ಬಿನ ಕಂದು ಬಣ್ಣದಲ್ಲಿರುವ ಕಬ್ಬಿಣದ ಆಕ್ಸೈಡ್ ಮತ್ತು ಬಣ್ಣವನ್ನು ತಿಳಿಯಾಗಿಸಲು ಸೇರಿಸುವ ಟೈಟಾನಿಯಂ ಡೈಆಕ್ಸೈಡ್, ಎರಡೂ ಲೇಸರ್ ತಗಲಿದಾಗ ರಾಸಾಯನಿಕವಾಗಿ ಮಾರ್ಪಟ್ಟು ಒಮ್ಮೆಲೇ ಕಪ್ಪಾಗಬಹುದು. ಆದ್ದರಿಂದ ಮೊದಲು ಒಂದು ಚುಕ್ಕಿಯಷ್ಟು ಜಾಗದಲ್ಲಿ ಪರೀಕ್ಷಿಸಿ ನೋಡುವ ಚರ್ಮವೈದ್ಯರ ಬಳಿಗೇ ಹೋಗಬೇಕು. ಕಾಲಕ್ರಮದಲ್ಲಿ ಹುಬ್ಬು ನೀಲಿಬೂದಿಯಾಗಿ ಕಾಣುವುದು ಹೆಚ್ಚಾಗಿ ಕಾರ್ಬನ್ ಕಪ್ಪನ್ನು ಆಳಕ್ಕೆ ಇಳಿಸಿದಾಗ. ಒಂದು ಮಿಲಿಮೀಟರಿಗೂ ಕಡಿಮೆ ಆಳದಲ್ಲಿ ಕೈ ನಿಲ್ಲಿಸಲು ಬಾರದವರು ಕಪ್ಪನ್ನು ಮುಟ್ಟಬಾರದು. ಐರೋಪ್ಯ ಒಕ್ಕೂಟದಲ್ಲಿ 2022ರ ಜನವರಿಯಿಂದ ಹಚ್ಚೆಯ ಬಣ್ಣಗಳ ರಾಸಾಯನಿಕಗಳಿಗೆ ಕಟ್ಟುನಿಟ್ಟಿನ ಮಿತಿ ಬಂದಿದೆ. ಆ ನಿಯಮಕ್ಕೆ ಒಪ್ಪುವಂಥದ್ದೆಂದು ಬಾಟಲಿಯ ಮೇಲೆ ಇರುವುದನ್ನೇ ನಾನು ತರಿಸುತ್ತೇನೆ. ಬೆಲೆ ಹೆಚ್ಚು. ಚೌಕಾಸಿ ಮಾಡುವವರಿಗೆ ನನ್ನ ಉತ್ತರ ಇದೇ.

ತೋಟದಮನೆ (ಪೆರ್ಲ ಸಮೀಪ)

ಎಲ್ಲರ ಉತ್ತರಗಳನ್ನೂ ಮಗಳೊಂದಿಗೆ ಕೂತು ಓದಿದೆ. ಟಿಎಸ್‌ಎಚ್ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದೇನೆ. ಇನ್ನು ಮೂರು ಸಣ್ಣ ಸಂದೇಹಗಳು. ಮಳೆ ಹೀಗೆಯೇ ಮುಂದುವರಿದರೆ ಅಡಿಕೆಗೆ ಮತ್ತೊಮ್ಮೆ ಮದ್ದು ಬಿಡಬೇಕಾಗುತ್ತದೆ, ಕೆಳಗೆ ನಿಂತು ಬೋರ್ಡೋ ಕಲಸಿಕೊಡುವವಳು ನಾನೇ. ಹಟ್ಟಿಯ ಕೆಲಸ ಎಷ್ಟು ದಿನ ಬಿಡಬೇಕು? ಮಂಗಳೂರಿಗೆ ಹೋಗಿ ಬರುವುದು ಮಗನ ಬೈಕಿನಲ್ಲಿ, ಹೆಲ್ಮೆಟ್ ಹಾಕಬಹುದೇ? ಇನ್ನೊಂದು, ಹುಬ್ಬು ಮೊದಲ ವಾರ ಭಯವಾಗುವಷ್ಟು ಕಪ್ಪಾಗಿರುತ್ತದೆಂದು ಕೇಳಿದ್ದೇನೆ, ಹೌದೇ?

ನೀರ್ಚಾಲು ಶುಶ್ರೂಷಕಿ

ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಹೌದು, ಮೊದಲ ನಾಲ್ಕೈದು ದಿನ ಬಯಸಿದ್ದಕ್ಕಿಂತ ಬಹಳ ಕಪ್ಪಾಗಿ, ಅಗಲವಾಗಿ ಕಾಣುತ್ತದೆ. ಐದರಿಂದ ಹತ್ತನೆಯ ದಿನದೊಳಗೆ ಸಿಪ್ಪೆಯಂತೆ ಏಳುತ್ತದೆ, ತುರಿಸುತ್ತದೆ, ಉಗುರು ತಾಗಿಸಬಾರದು. ಆಮೇಲೆ ಎರಡು ಮೂರು ವಾರ ಬಣ್ಣವೇ ಹೋಯಿತೇನೋ ಎನ್ನುವಷ್ಟು ಮಂಕಾಗುತ್ತದೆ, ಏಕೆಂದರೆ ಬಣ್ಣದ ಮೇಲೆ ಹೊಸ ಚರ್ಮ ಇನ್ನೂ ಬಲಿಯುತ್ತಿರುತ್ತದೆ. ಐದನೆಯ ವಾರದ ಹೊತ್ತಿಗೆ ಮತ್ತೆ ಮೇಲಕ್ಕೆ ಕಾಣುತ್ತದೆ. ಮಂಕಾದ ದಿನಗಳಲ್ಲಿ ಗಾಬರಿಯಿಂದ ಓಡಿಹೋಗಿ ಮತ್ತೆ ಹಾಕಿಸಿಕೊಂಡವರ ಹುಬ್ಬೇ ಮುಂದೆ ಇಟ್ಟಿಗೆಯಂತೆ ದಪ್ಪವಾಗುವುದು.

ಬೋರ್ಡೋ ಕಲಸುವುದನ್ನು ಈ ಸಲ ಬೇರೆಯವರಿಗೆ ಒಪ್ಪಿಸಿ. ಸುಣ್ಣ ಮತ್ತು ಮೈಲುತುತ್ತು ಎರಡೂ ಹಸಿ ಗಾಯವನ್ನು ಸುಡುವಂಥವು, ಮೇಲಿನಿಂದ ಬೀಳುವ ಹನಿಯನ್ನು ತಡೆಯುವಂತೆಯೂ ಇಲ್ಲ. ಹಟ್ಟಿಯ ಕೆಲಸವನ್ನು ಹಕ್ಕಳೆ ಪೂರ್ತಿ ಉದುರುವವರೆಗೆ, ಅಂದರೆ ಎರಡು ವಾರ ಬಿಡಿ. ಬಚ್ಚಲೊಲೆಯ ಹೊಗೆ, ಬಸಿಯುವ ಗಂಜಿಯ ಹಬೆ, ಕೆರೆಯ ಸ್ನಾನ ಇವೂ ಅಷ್ಟು ದಿನ ಬೇಡ. ಮೀಯುವಾಗ ಕತ್ತಿನಿಂದ ಕೆಳಗೆ ನೀರು ಹೊಯ್ದುಕೊಂಡು ಮುಖವನ್ನು ಬೇರೆಯಾಗಿ ಒರೆಸಿಕೊಳ್ಳಿ. ಬೆವರುವುದನ್ನು ತಡೆಯಲು ಯಾರಿಂದಲೂ ಆಗದು. ಬೆವರಿದಾಗ ಶುದ್ಧ ಗಾಜ್ ಬಟ್ಟೆಯಿಂದ ಒತ್ತಿ ತೆಗೆದರೆ ಸಾಕು. ದೇವಸ್ಥಾನದ ಗಂಧಪ್ರಸಾದವನ್ನು ಹಣೆಯ ನಡುವೆ ಸಣ್ಣದಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಹುಬ್ಬಿಗೆ ತಾಗದಿರಲಿ.

ಹೆಲ್ಮೆಟ್ ಹಾಕದೆ ಬೈಕಿನಲ್ಲಿ ಕೂರಲೇಬೇಡಿ, ಹಾಕಿದರೆ ಅದರ ಅಂಚು ಹುಬ್ಬನ್ನೇ ಒತ್ತುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಧೂಳೂ ಸೇರಿದರೆ ಹೇಳುವುದೇ ಬೇಡ. ಆ ದಿನ ಬಸ್ಸಿನಲ್ಲಿ ಕಿಟಕಿಯಿಂದ ದೂರ ಕುಳಿತು ಬನ್ನಿ, ಅಥವಾ ಕಾರು ಮಾಡಿಕೊಳ್ಳಿ.

ಮೂರು ದಿನ ಕಳೆದ ಮೇಲೂ ಕೆಂಪು ಹರಡುತ್ತಾ ಹೋದರೆ, ಕೀವು ಅಥವಾ ಜ್ವರ ಕಂಡರೆ, ಕಣ್ಣಿನ ರೆಪ್ಪೆ ಊದಿಕೊಂಡರೆ ಪಾರ್ಲರಿಗೆ ಫೋಟೊ ಕಳಿಸುತ್ತಾ ಕೂರದೆ ಅಂದೇ ವೈದ್ಯರಲ್ಲಿಗೆ ಹೋಗಿ. ವಾರಗಳ ಬಳಿಕ, ಕೆಲವೊಮ್ಮೆ ತಿಂಗಳುಗಳ ಬಳಿಕ, ಬಣ್ಣವಿದ್ದಲ್ಲಿ ಗಟ್ಟಿ ಗುಳ್ಳೆಗಳೆದ್ದರೂ ಚರ್ಮವೈದ್ಯರಿಗೆ ತೋರಿಸಬೇಕು. ಆಗ ಹಚ್ಚೆ ಹಾಕಿಸಿಕೊಂಡ ತಾರೀಕನ್ನು ಮತ್ತು ಕನ್ನಡಿಮನೆಯವರು ಹೇಳಿದ ಬಾಟಲಿಯ ಚಿತ್ರವನ್ನು ಮರೆಯದೆ ಕೊಂಡುಹೋಗಿ.

ತೋಟದಮನೆ (ಪೆರ್ಲ ಸಮೀಪ)

ಟಿಎಸ್‌ಎಚ್ ಹೆಚ್ಚೇ ಇದೆಯಂತೆ. ಮಾತ್ರೆಯ ಪ್ರಮಾಣವನ್ನು ವೈದ್ಯರು ಬದಲಾಯಿಸಿದ್ದಾರೆ, ಆರು ವಾರ ಬಿಟ್ಟು ಮತ್ತೆ ನೋಡೋಣವೆಂದರು. ಆದ್ದರಿಂದ ಮದುವೆಗೆ ಪೆನ್ಸಿಲೇ ಗತಿ. ಅದನ್ನು ನೀರಿಗೆ ಕರಗದಂಥದ್ದು ತರಿಸುವುದಾಗಿ ಮಗಳು ಹೇಳಿದ್ದಾಳೆ. ಕೂದಲು ಮರಳಿ ಬಾರದಿದ್ದರೆ ಮಕರ ಸಂಕ್ರಮಣ ಕಳೆದ ಮೇಲೆ ಕನ್ನಡಿಮನೆ ಅಕ್ಕನನ್ನು ಕಂಡು ಕಿವಿಯ ಹಿಂದೆ ಚುಕ್ಕಿ ಹಾಕಿಸಿಕೊಳ್ಳುತ್ತೇನೆ. ಆಗ ಮದ್ದು ಬಿಡುವ ಕೆಲಸವೂ ಇರುವುದಿಲ್ಲ.

ಕನ್ನಡಿಮನೆ (ಉಪ್ಪಳ)

ಆಗಲಿ ಅಕ್ಕ. ಬರುವಾಗ ಹೊಸ ರಕ್ತಪರೀಕ್ಷೆಯ ಚೀಟಿಯನ್ನೂ ತನ್ನಿ. ಆಗ ಬಿಸಿಲು ಜೋರಿರುವುದರಿಂದ ಕೊಡೆ ಮತ್ತು ಅಗಲ ಅಂಚಿನ ಟೊಪ್ಪಿಗೆ ಬೇಕಾಗುತ್ತದೆ. ಸನ್‌ಸ್ಕ್ರೀನನ್ನು ಹಕ್ಕಳೆ ಉದುರಿ ಚರ್ಮ ಕೂಡಿಕೊಂಡ ಮೇಲಷ್ಟೇ ಹಚ್ಚಬೇಕು.